ಸರ್ಪಸುತ್ತು: ಮೊದಲ ಮೂರು ದಿನ

(ಆರೋಗ್ಯ ಭಾಷಣಮಾಲೆಯಲ್ಲಿ ಪ್ರಸಾರವಾದುದು)



ಕೆಲವು ವರ್ಷಗಳ ಹಿಂದಿನ ಮಾತು. ಕೊಟ್ಟೂರ ತೇರಿಗೆ ಇನ್ನು ಹತ್ತು ದಿನಗಳಿದ್ದವು. ಹರಪನಹಳ್ಳಿ ತಾಲೂಕಿನ ನಮ್ಮ ಹಳ್ಳಿಯಿಂದ ದೊಡ್ಡವ್ವ ನನಗೆ ಫೋನು ಮಾಡಿದಳು. ಆಕೆಗೆ ಆಗ 68 ವರ್ಷ. ವರ್ಷವರ್ಷವೂ ತೇರಿಗೆ ನಡೆದೇ ಹೋಗತಕ್ಕ ಗಟ್ಟಿ ಜೀವ. "ತಮ್ಮಾ, ಎಡಗಡೆ ಪಕ್ಕೆಯಾಗ ಒಂದೇ ಸವನೆ ಉರಿಯಾಕ ಹತ್ತೈತಿ. ಕೆಂಡ ಇಟ್ಟಂಗ ಆಗತೈತಿ. ಮ್ಯಾಲೆ ನೋಡಿದ್ರ ಏನೂ ಇಲ್ಲ" ಎಂದಳು.

ನಾನು ವೈದ್ಯ. ಆ ದಿನ ನನ್ನ ಮುಂದೆ ರೋಗಿಗಳ ಸಾಲು ದೊಡ್ಡದಿತ್ತು. ಮರುಪ್ರಶ್ನೆಯನ್ನೂ ಕೇಳದೆ, "ಏನೋ ಭಾರ ಎತ್ತಿರಬೇಕು ದೊಡ್ಡವ್ವಾ, ಮುಲಾಮು ಹಚ್ಚಿ ಶಾಖ ಕೊಡು, ಹೋಗತೈತಿ" ಎಂದುಬಿಟ್ಟೆ. ಮೂರನೆಯ ದಿನ ಅದೇ ಜಾಗದಲ್ಲಿ ಕೆಂಪಗೆ ಗುಳ್ಳೆಗಳೆದ್ದವು. ಬೆನ್ನಿನಿಂದ ಹೊರಟು ಪಕ್ಕೆಯನ್ನು ಬಳಸಿ ಹೊಟ್ಟೆಯ ಕಡೆಗೆ ಬಂದವು. ಮನೆಯವರು ನೋಡಿ "ಸರ್ಪ ಸುತ್ತೈತಿ" ಎಂದರು. ಮತ್ತೆ ನನಗೆ ಫೋನು ಬರಲಿಲ್ಲ. ಸರ್ಪದ ಬೇನೆಗೆ ಡಾಕ್ಟರ ಮದ್ದು ಕೂಡದೆಂದು ಯಾರೋ ಹೇಳಿದ್ದರಂತೆ. ಕಾವಿ ಅರೆದು ಹಚ್ಚಿದರು. ತೇರು ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದರು. ನಾನು ತೇರಿಗೆ ಹೋಗಿ ಆಕೆಯನ್ನು ಕಂಡಾಗ ಗುಳ್ಳೆ ಎದ್ದು ಏಳು ದಿನಗಳಾಗಿದ್ದವು. ಒಡೆದ ಗುಳ್ಳೆಗಳ ಮೇಲೆ ಕಾವಿ ಒಣಗಿ ಬಿರುಕು ಬಿಟ್ಟಿತ್ತು.

ಈ ಕಥೆಯ ಉಳಿದ ಭಾಗವನ್ನು ಮುಂದೆ ಹೇಳುತ್ತೇನೆ. ವೈದ್ಯನ ಅವಸರ, ಮನೆಯವರ ಭಯ, ತೇರಿನ ಗದ್ದಲ ಇವೆಲ್ಲ ಸೇರಿ ಕಳೆದುಹೋದದ್ದು ಮೂರು ದಿನ. ಆ ಮೂರು ದಿನಕ್ಕೆ ಎಷ್ಟು ಬೆಲೆಯೆಂಬುದೇ ಇಂದಿನ ನನ್ನ ಮಾತಿನ ವಿಷಯ.

ಮೊದಲು ಹೆಸರಿನ ವಿಚಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕುಗಳಲ್ಲಿ ಸರ್ಪಸುತ್ತು ಎಂಬ ಮಾತನ್ನು ಕೇಳದ ಮನೆಯಿರಲಾರದು. ವೈದ್ಯರು ಇದನ್ನು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. ಅದು ಗ್ರೀಕ್ ಭಾಷೆಯಿಂದ ಬಂದ ಹೆಸರು. ಹರ್ಪಿಸ್ ಎಂದರೆ ಹರಿದಾಡುವುದು, ಜೋಸ್ಟರ್ ಎಂದರೆ ನಡುಪಟ್ಟಿ. ನಮ್ಮ ಹಿರಿಯರು ಕಂಡದ್ದೂ ಅದನ್ನೇ ಅಲ್ಲವೆ? ಹರಿದಾಡುವ ಸರ್ಪ, ನಡುವಿಗೆ ಸುತ್ತು. ಹೆಸರಿಟ್ಟವರ ಕಣ್ಣು ಚುರುಕಾಗಿಯೇ ಇತ್ತು. ಹೆಸರಿನ ಬೆನ್ನಿಗೆ ಬಂದ ಭಯ ಮಾತ್ರ ತಪ್ಪು.

ಆ ಭಯ ಎರಡು ಬಗೆಯದು. ಒಂದು, ಇದು ನಾಗನ ಶಾಪ, ಎಲ್ಲಿಯೋ ಹುತ್ತ ಕೆಡವಿದ್ದರ ಫಲ ಎಂಬುದು. ಇನ್ನೊಂದು, ಸರ್ಪದ ಹೆಡೆಯೂ ಬಾಲವೂ ಕೂಡಿ ಸುತ್ತು ಪೂರ್ತಿಯಾದರೆ ಪ್ರಾಣ ಹೋಗುತ್ತದೆ ಎಂಬುದು. ನಾಗರಕಟ್ಟೆಗೆ ಹಾಲೆರೆಯುವವರನ್ನು ಹಳಿಯಲು ನಾನು ಇಲ್ಲಿ ಕೂತಿಲ್ಲ. ಹರಕೆ ಹೊರುವವರು ಹೊರಲಿ. ಆದರೆ ಹರಕೆಯನ್ನು ತೀರಿಸಲು ವರ್ಷವಿಡೀ ಸಮಯವುಂಟು, ಔಷಧಕ್ಕೆ ಮೂರೇ ದಿನ. ಯಾವುದು ಮೊದಲಾಗಬೇಕೆಂಬುದನ್ನು ತಾವೇ ಲೆಕ್ಕ ಹಾಕಿರಿ.

ಹಾಗಾದರೆ ಈ ಬೇನೆ ನಿಜವಾಗಿ ಏನು? ಇದು ಹೊರಗಿನಿಂದ ಬಂದು ಸುತ್ತಿಕೊಳ್ಳುವುದಲ್ಲ. ನಮ್ಮ ಒಳಗೇ ಬಹುಕಾಲ ಮಲಗಿದ್ದು ಎದ್ದು ಬರುವುದು. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದುದು ಅನೇಕರಿಗೆ ನೆನಪಿರಬಹುದು. ಮನೆಯಲ್ಲಿ ಅಮ್ಮ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಗುಳ್ಳೆ ಒಣಗಿ, ಸ್ನಾನ ಮಾಡಿಸಿ, ಅಮ್ಮನನ್ನು ಕಳಿಸಿಕೊಟ್ಟೆವೆಂದು ತಿಳಿದರು. ಆದರೆ ಆ ರೋಗದ ವೈರಾಣು ಪೂರ್ತಿಯಾಗಿ ಹೋಗಿರಲಿಲ್ಲ. ಚರ್ಮದಿಂದ ನರಗಳ ದಾರಿ ಹಿಡಿದು ಒಳಗೆ ಸರಿದು, ಬೆನ್ನುಮೂಳೆಯ ಪಕ್ಕದಲ್ಲಿರುವ ನರಗಂಟುಗಳಲ್ಲಿ ಅಡಗಿ ಕುಳಿತಿತು. ಮೈಯ ಕಾವಲು ಬಲವಾಗಿರುವತನಕ ಅದು ತೆಪ್ಪಗಿರುತ್ತದೆ. ವಯಸ್ಸು 50 ದಾಟಿದಾಗ, ಸಕ್ಕರೆ ಕಾಯಿಲೆಯಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ, ಸ್ಟಿರಾಯ್ಡ್ ಮಾತ್ರೆಗಳನ್ನು ಬಹುಕಾಲ ನುಂಗಿದಾಗ, ಎಚ್‌ಐವಿ ಸೋಂಕಿನಲ್ಲಿ ಆ ಕಾವಲು ಸಡಿಲುತ್ತದೆ. ಆಗ ಮಲಗಿದ್ದುದು ಏಳುತ್ತದೆ. ಬಂದ ದಾರಿಯಲ್ಲೇ ಹಿಂದಿರುಗಿ ಚರ್ಮಕ್ಕೆ ಬರುತ್ತದೆ.

ಈ ಸತ್ಯವು ಒಂದೇ ದಿನದಲ್ಲಿ ತಿಳಿದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೂಡಾಪೆಸ್ಟ್ ನಗರದ ಮಕ್ಕಳ ವೈದ್ಯ ಬೊಕಾಯ್ ಎಂಬವರು, ಮನೆಯಲ್ಲಿ ದೊಡ್ಡವರಿಗೆ ಸರ್ಪಸುತ್ತು ಆದ ಮೇಲೆ ಮಕ್ಕಳಿಗೆ ಸೀತಾಳೆ ಸಿಡುಬು ಬರುವುದನ್ನು ಗಮನಿಸಿದರು. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ರೋಗಗಳ ಗುಳ್ಳೆಗಳಿಂದ ವೈರಾಣುವನ್ನು ಬೆಳೆಸಿ ಎರಡೂ ಒಂದೇ ಎಂದು ತೋರಿಸಿದರು. ನನಗೆ ಬಹಳ ಹಿಡಿಸುವ ಹೆಸರು ಮಾತ್ರ ಇಂಗ್ಲೆಂಡಿನ ಸಿರೆನ್ಸೆಸ್ಟರ್ ಎಂಬ ಊರಿನ ಡಾಕ್ಟರ್ ಹೋಪ್-ಸಿಂಪ್ಸನ್ ಅವರದು. ಅವರು ದೊಡ್ಡ ಪ್ರಯೋಗಶಾಲೆಯವರಲ್ಲ, ನಮ್ಮ ತಾಲೂಕಿನ ಡಾಕ್ಟರಂತೆ ಊರ ಜನರಿಗೆ ಮದ್ದು ಕೊಡುವವರು. ತಮ್ಮ ಕೈಕೆಳಗಿನ ಸುಮಾರು 3,500 ಜನರಲ್ಲಿ 16 ವರ್ಷ ಕಾಲ ಕಂಡ 192 ಸರ್ಪಸುತ್ತುಗಳನ್ನು ಒಂದೊಂದಾಗಿ ಬರೆದಿಟ್ಟು, 1965ರಲ್ಲಿ ಪ್ರಕಟಿಸಿದರು. ವಯಸ್ಸು ಏರಿದಂತೆ ಬೇನೆಯೂ ಏರುವುದನ್ನು ತೋರಿಸಿ, ಒಳಗೆ ಮಲಗಿದ್ದ ವೈರಾಣುವೇ ಏಳುತ್ತದೆಂಬ ವಿವರಣೆಯನ್ನು ಗಟ್ಟಿಮಾಡಿದವರು ಅವರೇ. ರೋಗಿಯ ಮಾತನ್ನು ತಾಳ್ಮೆಯಿಂದ ಕೇಳಿ ಬರೆದಿಟ್ಟ ವೈದ್ಯರು ಅವರು. ದೊಡ್ಡವ್ವನ ಫೋನನ್ನು ನೆನೆದಾಗಲೆಲ್ಲ ಆ ಹೆಸರು ನನ್ನನ್ನು ಸ್ವಲ್ಪ ನಾಚಿಸುತ್ತದೆ.

ಇನ್ನು ಹೆಡೆ ಬಾಲ ಕೂಡುವ ಮಾತು. ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ. ಪ್ರತಿ ಜೊತೆಯಲ್ಲಿ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಎಡದ ನರ ಬೆನ್ನಿನ ನಡುಗೆರೆಯಿಂದ ಹೊರಟು ಎದೆ ಹೊಟ್ಟೆಗಳ ನಡುಗೆರೆಯವರೆಗೆ ಬಂದು ನಿಲ್ಲುತ್ತದೆ. ಬೇನೆ ಎದ್ದಿರುವುದು ಸಾಮಾನ್ಯವಾಗಿ ಒಂದೇ ನರಗಂಟಿನಲ್ಲಿ. ಆದುದರಿಂದ ಗುಳ್ಳೆಗಳು ಅರ್ಧ ಪಟ್ಟಿಯಾಗಿ ಒಂದೇ ಮಗ್ಗುಲಿಗೆ ನಿಲ್ಲುತ್ತವೆ. ಹೆಡೆ ಬಾಲ ಕೂಡುವ ಪ್ರಸಂಗವೇ ಬಹುಮಟ್ಟಿಗೆ ಇಲ್ಲ. ಮೈಯ ಶಕ್ತಿ ತೀರ ಕುಗ್ಗಿದವರಲ್ಲಿ ಗುಳ್ಳೆಗಳು ಪಟ್ಟಿಯನ್ನು ದಾಟಿ ಮೈತುಂಬ ಏಳುವುದುಂಟು. ಅಂಥವರು ತಡಮಾಡದೆ ಆಸ್ಪತ್ರೆ ಸೇರತಕ್ಕದ್ದು. ಅಪಾಯವಿರುವುದು ಸುತ್ತು ಪೂರ್ತಿಯಾಯಿತೆಂಬುದರಲ್ಲಲ್ಲ, ಮೈಯ ಕಾವಲು ಸೋತಿದೆ ಎಂಬುದರಲ್ಲಿ.

ಗುರುತು ಹಿಡಿಯುವುದು ಹೇಗೆ? ಅನೇಕರಲ್ಲಿ ಮೊದಲು ಬರುವುದು ನೋವು. ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು, ಮೈಯ ಒಂದೇ ಬದಿಯಲ್ಲಿ ಉರಿ, ಚುಚ್ಚು, ಜುಮುಜುಮು. ಚರ್ಮ ಮುಟ್ಟಿದರೆ ಸಹಿಸದು. ಎದೆಯಲ್ಲಿ ಬಂದರೆ ಹೃದಯದ ನೋವೆಂದೂ ಹೊಟ್ಟೆಯಲ್ಲಿ ಬಂದರೆ ಕಲ್ಲಿನ ನೋವೆಂದೂ ತೋರೀತು. ಆಮೇಲೆ ಕೆಂಪು ಮಚ್ಚೆ, ಅದರ ಮೇಲೆ ಗೊಂಚಲು ಗೊಂಚಲಾಗಿ ನೀರುಗುಳ್ಳೆ. ಏಳೆಂಟು ದಿನಗಳಲ್ಲಿ ಗುಳ್ಳೆ ಒಣಗಿ ಹಕ್ಕಳೆ ಕಟ್ಟುತ್ತದೆ. ಎರಡರಿಂದ ನಾಲ್ಕು ವಾರಗಳಲ್ಲಿ ಚರ್ಮ ಮಾಯುತ್ತದೆ. ಒಂದು ಬದಿಗೇ ಉರಿಯುವ ನೋವು ಬಂದಾಗ ದಿನಕ್ಕೆರಡು ಬಾರಿ ಬೆಳಕಿನಲ್ಲಿ ಆ ಜಾಗವನ್ನು ಬಿಚ್ಚಿ ನೋಡಿರಿ. ಬೆನ್ನಾದರೆ ಮನೆಯವರಿಂದ ನೋಡಿಸಿರಿ. ದೊಡ್ಡವ್ವನಿಗೆ ನಾನು ಅಂದು ಹೇಳಬೇಕಾಗಿದ್ದ ಮಾತು ಇಷ್ಟೆ.

ಎರಡು ಜಾಗಗಳಲ್ಲಿ ಮೂರು ದಿನದ ಲೆಕ್ಕವೂ ಬೇಡ, ಅಂದೇ ಹೊರಡಬೇಕು. ಹಣೆ, ಕಣ್ಣಿನ ರೆಪ್ಪೆ, ಮುಖ್ಯವಾಗಿ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೆ ಗಂಡಾಂತರವಿದೆಯೆಂದು ತಿಳಿಯಿರಿ. ಮೂಗಿನ ತುದಿಗೂ ಕಣ್ಣಿನ ಒಳಗೂ ಒಂದೇ ನರದ ಕವಲುಗಳು ಹೋಗುತ್ತವೆ. ಅಲಕ್ಷ್ಯ ಮಾಡಿದರೆ ದೃಷ್ಟಿ ಹೋದೀತು. ಹಾಗೆಯೇ ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಒಂದು ಕಡೆಗೆ ವಾಲಿದರೆ, ಅದು ಗಾಳಿ ಬಡಿದದ್ದಲ್ಲ, ಇದೇ ಬೇನೆ ಮುಖದ ನರಕ್ಕೆ ತಗಲಿದ್ದು.

ಈಗ ಔಷಧದ ಮಾತು. ಬಹುಕಾಲದವರೆಗೆ ವೈದ್ಯರ ಬಳಿಯೂ ಇದಕ್ಕೆ ಮದ್ದಿರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಬರೋಸ್ ವೆಲ್ಕಮ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಏಸೈಕ್ಲೋವಿರ್ ಎಂಬ ಔಷಧ ಸಿದ್ಧವಾಯಿತು. ಅದರ ಮೇಲೆ ಕೆಲಸ ಮಾಡಿದ ತಂಡದ ಮುಂದಾಳು ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆ. ಹೆಂಗಸೆಂಬ ಕಾರಣಕ್ಕೆ ತಾರುಣ್ಯದಲ್ಲಿ ಪ್ರಯೋಗಶಾಲೆಯ ಕೆಲಸ ಸಿಗದೆ ಅಲೆದವರು. 1988ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಈ ಮದ್ದು ಕೆಲಸ ಮಾಡುವ ಬಗೆಯನ್ನು ನಮ್ಮ ಹಡಗಲಿ ಮಲ್ಲಿಗೆಯ ಮಾಲೆಯಿಂದ ತಿಳಿಯಬಹುದು. ವೈರಾಣು ಬೆಳೆಯುವುದೆಂದರೆ ತನ್ನ ಬೀಜಸೂತ್ರವನ್ನು ಹೂವಿನ ಮಾಲೆಯಂತೆ ಒಂದೊಂದಾಗಿ ಕಟ್ಟಿಕೊಂಡು ಹೋಗುವುದು. ಏಸೈಕ್ಲೋವಿರ್ ಕೂಡ ನೋಡಲು ಅದೇ ಹೂವಿನಂತಿದೆ, ಆದರೆ ತೊಟ್ಟಿಲ್ಲದ ಹೂವು. ಅದು ಮಾಲೆಯೊಳಗೆ ಸೇರಿತೆಂದರೆ ಮುಂದಿನ ಹೂವನ್ನು ಕಟ್ಟಲು ಬಾರದು, ಮಾಲೆ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಸೊಗಸು, ಈ ಔಷಧವನ್ನು ಮೊದಲು ಚುರುಕುಗೊಳಿಸುವುದು ವೈರಾಣುವಿನದೇ ಒಂದು ಕಿಣ್ವ. ಕಳ್ಳನ ಕೈಯಿಂದಲೇ ಕಳ್ಳನಿಗೆ ಬೀಗ ಹಾಕಿಸಿದಂತೆ. ಆದುದರಿಂದ ರೋಗವಿಲ್ಲದ ಜೀವಕೋಶಗಳಿಗೆ ತೊಂದರೆ ಕಡಮೆ.

ಮಾಲೆ ಕಟ್ಟಿ ಮುಗಿದ ಮೇಲೆ ತೊಟ್ಟಿಲ್ಲದ ಹೂವಿನಿಂದ ಏನು ಪ್ರಯೋಜನ? ವೈರಾಣು ರಭಸದಿಂದ ಬೆಳೆಯುವುದು ಮೊದಲ ಕೆಲವು ದಿನಗಳಲ್ಲಿ. ಗುಳ್ಳೆ ಕಂಡ 72 ಗಂಟೆಗಳೊಳಗೆ, ಎಂದರೆ ಮೂರು ದಿನಗಳೊಳಗೆ ಮಾತ್ರೆ ಆರಂಭವಾಗಬೇಕೆಂದು ವೈದ್ಯರು ಹೇಳುವುದು ಇದರಿಂದಲೇ. ದೊಡ್ಡವರಿಗೆ ವಾಡಿಕೆಯ ಪ್ರಮಾಣ ಏಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳರಿಂದ ಹತ್ತು ದಿನ. ವಾಲಾಸೈಕ್ಲೋವಿರ್ ಆದರೆ 1,000 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಏಳು ದಿನ. ಫ್ಯಾಮ್‌ಸೈಕ್ಲೋವಿರ್ ಎಂಬ ಮೂರನೆಯದೂ ಉಂಟು. ಇದನ್ನು ನಾನು ಚೀಟಿಯಾಗಿ ಬರೆದುಕೊಡುತ್ತಿಲ್ಲ. ಮೂತ್ರಪಿಂಡ ದುರ್ಬಲವಾದವರಿಗೆ ಈ ಪ್ರಮಾಣ ಹೆಚ್ಚಾಗಿ, ಬುದ್ಧಿ ಮಂಕಾಗುವಷ್ಟು ತೊಂದರೆಯಾಗಬಹುದು. ಪ್ರಮಾಣವನ್ನು ವೈದ್ಯರೇ ಇಳಿಸಿ ಕೊಡಬೇಕು. ಪ್ರಮಾಣವನ್ನು ಹೇಳಿದ ಕಾರಣ ಬೇರೆ. ದಿನಕ್ಕೊಂದು ಸಣ್ಣ ಮಾತ್ರೆ ನುಂಗಿ, ಇಲ್ಲವೆ ಬರಿಯ ಮುಲಾಮು ಹಚ್ಚಿ, ಔಷಧ ಮಾಡಿದೆವೆಂದು ತಿಳಿಯುವವರಿದ್ದಾರೆ. ಮುಲಾಮು ನರಗಂಟಿನವರೆಗೆ ಮುಟ್ಟುವುದಿಲ್ಲ. ಐದು ಹೊತ್ತೆಂದರೆ ಐದು ಹೊತ್ತೂ ನುಂಗಬೇಕು, ನೀರು ಚೆನ್ನಾಗಿ ಕುಡಿಯಬೇಕು, ಗುಳ್ಳೆ ಬಾಡಿತೆಂದು ನಡುವೆ ಬಿಡಬಾರದು.

ಮೂರು ದಿನ ಕಳೆದೇ ಹೋಗಿದ್ದರೆ? ಹೊಸ ಗುಳ್ಳೆಗಳು ಇನ್ನೂ ಏಳುತ್ತಿದ್ದರೆ, ಕಣ್ಣಿಗೆ ತಗಲಿದ್ದರೆ, ಮೈಯ ಕಾವಲು ಕುಗ್ಗಿದ್ದರೆ ವೈದ್ಯರು ಆಮೇಲೆಯೂ ಔಷಧ ಕೊಡುತ್ತಾರೆ. ತಡವಾಯಿತೆಂದು ಮನೆಯಲ್ಲೇ ಕೂರಬಾರದು.

ಇಲ್ಲಿ ಒಂದು ಮಾತನ್ನು ಮುಚ್ಚದೆ ಹೇಳಬೇಕು. ಈ ಮಾತ್ರೆಗಳು ಗುಳ್ಳೆ ಬೇಗ ಒಣಗುವಂತೆ ಮಾಡುತ್ತವೆ, ಆ ದಿನಗಳ ನೋವನ್ನು ತಗ್ಗಿಸುತ್ತವೆ, ಕಣ್ಣನ್ನು ಕಾಯುತ್ತವೆ. ಆದರೆ ಗುಳ್ಳೆ ಮಾಯ್ದ ಮೇಲೂ ಉಳಿಯತಕ್ಕ ನರನೋವನ್ನು ಅವು ಖಂಡಿತವಾಗಿ ತಡೆಯುತ್ತವೆಯೆ? ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು, ಏಸೈಕ್ಲೋವಿರ್‌ನಿಂದ ಆ ನೋವು ಉಳಿಯುವ ಪ್ರಮಾಣ ಗಮನಾರ್ಹವಾಗಿ ತಗ್ಗುವುದಿಲ್ಲವೆಂದೇ ಹೇಳಿತು. ಆದುದರಿಂದ ಮೂರು ದಿನದೊಳಗೆ ಮಾತ್ರೆ ನುಂಗಿದವರಿಗೆ ಮುಂದೆ ನೋವೇ ಇರದು ಎಂದು ನಾನು ಭಾಷೆ ಕೊಡಲಾರೆ. ಆದರೆ ಬೇಗ ಬಂದವರಿಗೆ ಎರಡು ಲಾಭಗಳುಂಟು. ಔಷಧದ ಪೂರ್ತಿ ಗುಣ ಸಿಗುತ್ತದೆ, ಮತ್ತು ನೋವಿನ ಮೇಲೆ ಮೊದಲ ದಿನದಿಂದಲೇ ವೈದ್ಯರ ಕಣ್ಣಿರುತ್ತದೆ.

ದೊಡ್ಡವ್ವನಿಗೆ ಈ ಎರಡೂ ಸಿಗಲಿಲ್ಲ. ತೇರಿನ ಮರುದಿನ ನಾನೇ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದೆ. ಕಾವಿಯನ್ನು ತೊಳೆಸಿ, ಕೀವಿಗೆ ಚಿಕಿತ್ಸೆ ಮಾಡಿಸಿದ್ದಾಯಿತು. ತಿಂಗಳಲ್ಲಿ ಚರ್ಮ ಮಾಯಿತು. ಊರವರು "ಸರ್ಪ ಇಳೀತು" ಎಂದರು. ನೋವು ಮಾತ್ರ ಇಳಿಯಲಿಲ್ಲ. ಸೀರೆಯ ಸೆರಗು ತಾಗಿದರೆ ಕಿರುಚುವಳು. ಫ್ಯಾನಿನ ಗಾಳಿ ಬಡಿದರೆ ಮುಖ ಕಿವುಚುವಳು. ರಾತ್ರಿಯೆಲ್ಲ ಪಡಸಾಲೆಯಲ್ಲಿ ಕೂತು, ಒದ್ದೆಯ ಬಟ್ಟೆಯನ್ನು ಪಕ್ಕೆಗೆ ಒತ್ತಿ ಹಿಡಿದಿರುವಳು. ಹೊಲಕ್ಕೆ ಹೋಗುವುದು ನಿಂತಿತು, ಮದುವೆ ಮುಂಜಿ ನಿಂತವು. ಮನೆಯವರು ಕೆಟ್ಟವರಲ್ಲ. ಆದರೆ ಮೂರು ತಿಂಗಳು, ಆರು ತಿಂಗಳು ಕಳೆದಂತೆ, "ಗಾಯ ಇಲ್ಲ, ಏನಿಲ್ಲ, ವಯಸ್ಸಾದವರ ಗೊಣಗು" ಎನ್ನತೊಡಗಿದರು. ಒಂದು ದಿನ ಆಕೆ ನನಗೆ, "ಗುಳ್ಳಿ ಇದ್ದಾಗ ಎಲ್ಲಾರೂ ನಂಬಿದ್ರಪ್ಪಾ, ಈಗ ಯಾರೂ ನಂಬವೊಲ್ರು" ಎಂದಳು. ಆಕೆಯ ಬೇನೆಯಲ್ಲಿ ದೊಡ್ಡದು ಅದೇ ಆಗಿತ್ತು.

ಶ್ರೋತೃಗಳೆ, ಈ ನೋವು ಭ್ರಮೆಯಲ್ಲ. ಗುಳ್ಳೆ ಎದ್ದು 90 ದಿನಗಳಾದ ಮೇಲೂ ನೋವು ಉಳಿದರೆ ಅದನ್ನು ಸರ್ಪಸುತ್ತಿನ ನಂತರದ ನರಶೂಲೆ ಎಂದು ವೈದ್ಯಶಾಸ್ತ್ರ ಗುರುತಿಸುತ್ತದೆ. ಸರ್ಪಸುತ್ತು ಆದ 100 ಜನರಲ್ಲಿ ಸುಮಾರು 10ರಿಂದ 18 ಜನರಿಗೆ ಇದು ಉಳಿಯುತ್ತದೆ. ವಯಸ್ಸು ಏರಿದಂತೆ ಈ ಸಂಖ್ಯೆಯೂ ಏರುತ್ತದೆ. ಕಾರಣ ಇಷ್ಟೆ. ವೈರಾಣು ಎದ್ದು ಹೋಗುವಾಗ ನರವನ್ನು ಕೆಡಿಸಿ ಹೋಗಿದೆ. ಹೊದಿಕೆ ಸುಟ್ಟ ವಿದ್ಯುತ್ ತಂತಿ ಸುಮ್ಮಸುಮ್ಮನೆ ಕಿಡಿ ಕಾರುವಂತೆ, ಆ ನರ ಕಾರಣವಿಲ್ಲದೆ ನೋವಿನ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಲೇ ಇರುತ್ತದೆ. ಬಟ್ಟೆಯ ಸ್ಪರ್ಶವೂ ಬೆಂಕಿಯಾಗಿ ತಲಪುತ್ತದೆ. ತಲೆನೋವಿಗೆ ನುಂಗುವ ಸಾಮಾನ್ಯ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ.

ನಾಟುವ ಔಷಧಗಳು ಬೇರೆ ಇವೆ. ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್ ಒಂದು ಬಗೆ. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಇನ್ನೊಂದು ಬಗೆ. ಮೊದಲನೆಯವು ಮನಸ್ಸಿನ ಖಿನ್ನತೆಗೆಂದೂ ಎರಡನೆಯವುಗಳಲ್ಲಿ ಗ್ಯಾಬಪೆಂಟಿನ್ ಮೂರ್ಛೆರೋಗಕ್ಕೆಂದೂ ಮೊದಲು ಬಳಕೆಗೆ ಬಂದಂಥವು. ಇದನ್ನು ಯಾರಿಂದಲೋ ಕೇಳಿ, "ನಮ್ಮವ್ವಗೆ ಹುಚ್ಚಿನ ಗುಳಿಗೆ ಕೊಟ್ಟಾರ" ಎಂದು ಮನೆಯವರು ನಿಲ್ಲಿಸಿಬಿಡುವುದುಂಟು. ಹಾಗೆ ಮಾಡಬೇಡಿರಿ. ಕೆಟ್ಟ ನರದ ಕಿಡಿಯನ್ನು ತಣಿಸುವ ಗುಣ ಇವುಗಳಲ್ಲಿರುವುದರಿಂದಲೇ ಕೊಡುವುದು. ಸಣ್ಣ ಪ್ರಮಾಣದಿಂದ ಆರಂಭಿಸಿ ಮೆಲ್ಲಗೆ ಏರಿಸುತ್ತಾರೆ. ಗುಣ ಕಾಣಲು ವಾರಗಳೇ ಹಿಡಿಯಬಹುದು. ಬಾಯಿ ಒಣಗುವುದು, ಮಂಪರು, ತಲೆಸುತ್ತು ಬರಬಹುದಾದ್ದರಿಂದ ಮುದುಕರು ರಾತ್ರಿ ಏಳುವಾಗ ಬೀಳದಂತೆ ಎಚ್ಚರ ಬೇಕು. ಹೃದಯದ ತೊಂದರೆ, ಕಣ್ಣಿನ ಒತ್ತಡ, ಮೂತ್ರ ಕಟ್ಟುವ ತೊಂದರೆ ಇದ್ದವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಮಾಯ್ದ ಚರ್ಮದ ಮೇಲೆ ಅಂಟಿಸುವ ಲಿಡೊಕೇನ್ ಪಟ್ಟಿಯೂ, ಮೆಣಸಿನಕಾಯಿಯ ಖಾರದ ಸತ್ವದಿಂದ ಮಾಡಿದ ಮುಲಾಮೂ ಉಂಟು. ಆದರೆ ಮನೆಯ ಖಾರದ ಪುಡಿಯನ್ನು ಹಚ್ಚುವ ಸಾಹಸಕ್ಕೆ ಯಾರೂ ಹೋಗಬಾರದು.

ನಮ್ಮ ದೊಡ್ಡವ್ವ ರಾತ್ರಿ ಒಂದು ಸಣ್ಣ ಮಾತ್ರೆಯಿಂದ ಆರಂಭಿಸಿದಳು. ಮೂರನೆಯ ವಾರ ಅವಳಿಗೆ ಸತತವಾಗಿ ನಾಲ್ಕು ಗಂಟೆ ನಿದ್ದೆ ಬಂದಿತು. ನೋವು ಪೂರ್ತಿ ಹೋಗಲು ಎರಡು ವರ್ಷ ಹಿಡಿಯಿತು. ಎರಡು ತೇರುಗಳನ್ನು ಆಕೆ ಮನೆಯಲ್ಲೇ ಕೂತು ಕಳೆದಳು.

ಮನೆಯ ಆರೈಕೆಯ ಬಗ್ಗೆ ಎರಡು ಮಾತು. ಗುಳ್ಳೆಗಳನ್ನು ಒಡೆಯಬಾರದು. ಕಾವಿ, ಕೆಮ್ಮಣ್ಣು, ಬೂದಿ, ಸೊಪ್ಪಿನ ರಸ ಇವುಗಳನ್ನು ತೆರೆದ ಗುಳ್ಳೆಯ ಮೇಲೆ ಹಚ್ಚಿದರೆ ಕೀವಾಗುವುದೇ ಹೆಚ್ಚು. ಬರೆ ಹಾಕುವುದಂತೂ ಬೇಡವೇ ಬೇಡ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ, ಸಡಿಲವಾದ ಹತ್ತಿಯ ಉಡುಪು, ಮೈಗೆ ಸ್ನಾನ ಇಷ್ಟು ಸಾಕು. ಪಥ್ಯವೆಂದು ಮುದುಕರನ್ನು ಉಪವಾಸ ಕೆಡವಬಾರದು. ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಸೀತಾಳೆ ಸಿಡುಬು ಎಂದೂ ಆಗದವರಿಗೆ ಆ ಸಿಡುಬು ಬರಬಹುದು. ಆದುದರಿಂದ ಹಕ್ಕಳೆ ಕಟ್ಟುವವರೆಗೆ ಗುಳ್ಳೆಗಳನ್ನು ಮುಚ್ಚಿಟ್ಟುಕೊಂಡು, ಬಸುರಿಯರಿಂದಲೂ ಎಳೆಗೂಸುಗಳಿಂದಲೂ ದೂರವಿರುವುದು ಒಳ್ಳೆಯದು. ಹರೆಯದವರಿಗೆ ಬೇರೆ ಕಾರಣವಿಲ್ಲದೆ ಈ ಬೇನೆ ಬಂದರೆ ಸಕ್ಕರೆಗೂ ಎಚ್‌ಐವಿಗೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಜಾಣತನ. ಅದರಲ್ಲಿ ನಾಚಿಕೆಯ ಮಾತಿಲ್ಲ.

ಈಗ ತಡೆಯುವ ಉಪಾಯವೂ ಬಂದಿದೆ. ಸರ್ಪಸುತ್ತಿನ ಹೊಸ ಲಸಿಕೆ 2023ರಿಂದ ನಮ್ಮ ದೇಶದಲ್ಲಿ ದೊರೆಯುತ್ತಿದೆ. 50 ವರ್ಷ ದಾಟಿದವರಿಗೆ ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. 2015ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಇದು ಬೇನೆಯನ್ನು ನೂರಕ್ಕೆ 97ರಷ್ಟು ತಡೆಯಿತು. ಮರುವರ್ಷ ಪ್ರಕಟವಾದ ಪ್ರಯೋಗದಲ್ಲಿ 70 ದಾಟಿದವರಲ್ಲೂ ಸುಮಾರು 90ರಷ್ಟು ತಡೆ ಕಂಡಿತು. ಬೇನೆಯೇ ಬಾರದಿದ್ದರೆ ಉಳಿಯುವ ನೋವೆಲ್ಲಿಯದು? ಒಮ್ಮೆ ಸರ್ಪಸುತ್ತು ಆದವರೂ ಗುಣವಾದ ಮೇಲೆ ಇದನ್ನು ಹಾಕಿಸಿಕೊಳ್ಳಬಹುದು. ಆದರೆ ಬೆಲೆ ಸಾವಿರಾರು ರೂಪಾಯಿ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇದು ಸೇರಿಲ್ಲ. ಕೂಲಿ ಮಾಡುವ ಮನೆಗೆ ಇದು ಸುಲಭದ ಮಾತಲ್ಲವೆಂದು ನಾನು ಬಲ್ಲೆ. ಅನುಕೂಲವಿದ್ದವರು ತಮ್ಮ ವೈದ್ಯರನ್ನು ವಿಚಾರಿಸಲಿ. ಇಲ್ಲದವರಿಗೆ ಆ ಮೂರು ದಿನವೇ ಆಧಾರ.

ಆ ಮೂರು ದಿನ ನಮ್ಮ ಕಡೆ ಹೇಗೆ ಕಳೆಯುತ್ತದೆ, ನೋಡಿರಿ. ಶೇಂಗಾ ಕೀಳುವ ಕಾಲ, ಒಂದು ದಿನದ ಕೂಲಿ ಬಿಡಲಾಗದು. ಮೈಲಾರದ ಕಾರಣಿಕಕ್ಕೆ ಹೊರಟಿದ್ದೇವೆ, ಬಂದ ಮೇಲೆ ನೋಡೋಣ. ಸಂತೆಯ ದಿನ ಹೇಗೂ ಊರಿಗೆ ಹೋಗುತ್ತೇವೆ, ಆಗಲೇ ತೋರಿಸೋಣ. ಮಗ ಬೆಂಗಳೂರಿನಿಂದ ಬರಲಿ. ಹೀಗೆ ಒಂದೊಂದು ನೆಪಕ್ಕೆ ಒಂದೊಂದು ದಿನ. ಈ ಔಷಧಕ್ಕಾಗಿ ದೂರ ಹೋಗಬೇಕಾಗಿಲ್ಲ. ಏಸೈಕ್ಲೋವಿರ್ ದೇಶದ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ನಾನು ಹೇಳಿದ ಐದೂ ಊರುಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಅಲ್ಲಿ ನೋಡಿ, ಅವಶ್ಯವಿದ್ದವರನ್ನು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಕಳಿಸಿಕೊಡುತ್ತಾರೆ. ರೇಡಿಯೋ ಇಟ್ಟುಕೊಂಡಿರುವ ಪೇಟೆಯ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ಹಳ್ಳಿಯಿಂದ ಹಾಲು ತರುವವರು, ಹೂ ಮಾರುವವರು, ಮನೆಗೆಲಸಕ್ಕೆ ಬರುವವರು ಯಾರಾದರೂ "ಪಕ್ಕೆಯಾಗ ಉರಿ, ಗುಳ್ಳಿ ಎದ್ದೈತ್ರೀ" ಎಂದರೆ, "ಎಂದಿನಿಂದ?" ಎಂದು ಕೇಳಿರಿ. ದಿನ ಎಣಿಸಿ, ಅಂದೇ ಆಸ್ಪತ್ರೆಗೆ ಕಳಿಸಿರಿ.

ದೊಡ್ಡವ್ವ ಈಗ ಅದನ್ನೇ ಮಾಡುತ್ತಾಳೆ. ಮೂರನೆಯ ವರ್ಷದ ತೇರಿಗೆ ಆಕೆ ಮತ್ತೆ ನಡೆದು ಬಂದಳು. ಹೋದ ವರ್ಷ ಓಣಿಯ ಒಬ್ಬ ಹೆಣ್ಣುಮಗಳ ಹಣೆಯ ಮೇಲೆ ಗುಳ್ಳೆ ಕಂಡಾಗ, ಮನೆಯವರು ಕಾವಿ ಅರೆಯುತ್ತಿದ್ದರಂತೆ. ಈಕೆ ಹೋಗಿ, "ಅದನ್ನ ಕೆಳಗಿಡ್ರಿ. ನಾಗಪ್ಪಗ ನಾನು ಹಾಲು ಹಾಕ್ತೀನಿ, ನೀವು ಮೊದಲ ಬಸ್ಸು ಹತ್ತ್ರಿ" ಎಂದಳಂತೆ. ಅದು ಗುಳ್ಳೆ ಎದ್ದ ಎರಡನೆಯ ದಿನ. ಆ ಹೆಣ್ಣುಮಗಳ ಕಣ್ಣು ಉಳಿಯಿತು.

ವೈದ್ಯನಾದ ನಾನು ಫೋನಿನಲ್ಲಿ ಹೇಳದೆ ಬಿಟ್ಟ ಮಾತನ್ನು, ಅದರಿಂದ ಎರಡು ವರ್ಷ ನೊಂದವಳೇ ಊರಿಗೆ ಹೇಳುತ್ತಿದ್ದಾಳೆ. ಅದನ್ನೇ ಈ ಸಂಜೆ ನಿಮಗೂ ಮುಟ್ಟಿಸಿದ್ದೇನೆ.